ಹಳೇ ಟ್ರಕ್ಕಿನಲ್ಲಿ ಕೂಲೆಂಟ್ ಎಲ್ಲಿ ಸೋರುತ್ತಿದೆ? ಮನೆಯಲ್ಲೇ ಪತ್ತೆ ಹಚ್ಚುವ ಕ್ರಮ

ಇಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲೆಂಟ್ ಓಡಾಡುವುದು ಮುಚ್ಚಿದ ವ್ಯವಸ್ಥೆಯೊಳಗೆ. ಎಲ್ಲ ಸರಿಯಿದ್ದರೆ ತಿಂಗಳುಗಟ್ಟಲೆ ಓಡಿಸಿದರೂ ರೇಡಿಯೇಟರಿಗೆ ಜೋಡಿಸಿದ ಕೂಲೆಂಟ್ ಬಾಟಲಿಯ ಮಟ್ಟ ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು. ವಾರಕ್ಕೊಮ್ಮೆ ಅರ್ಧ ಲೀಟರ್ ಸುರಿಯುವುದು ರೂಢಿಯಾಗಿಬಿಟ್ಟಿದ್ದರೆ, "ಹಳೇ ಗಾಡಿ, ಸ್ವಲ್ಪ ಕುಡಿಯುತ್ತೆ" ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಆ ಅರ್ಧ ಲೀಟರ್ ಎಲ್ಲೋ ಹೋಗುತ್ತಿದೆ. ಒಂದೋ ಹೊರಗೆ ಸೋರಿ ನೆಲ ಸೇರುತ್ತಿದೆ ಅಥವಾ ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗುತ್ತಿದೆ. ಇಲ್ಲವೇ ಕ್ಯಾಪಿನ ಹಿಡಿತ ತಪ್ಪಿ ಓವರ್‌ಫ್ಲೋ ಪೈಪಿನಿಂದ ಹೊರಬೀಳುತ್ತಿದೆ. ಅದೂ ಅಲ್ಲದಿದ್ದರೆ ಇಂಜಿನ್ನಿನ ಒಳಗೇ ಇಳಿಯುತ್ತಿದೆ.

ಈ ಕೆಲಸದಲ್ಲಿ ದುಡ್ಡು ಪೋಲಾಗುವುದು ಊಹೆಯಿಂದ. ಮುಂಭಾಗದಲ್ಲಿ ಹನಿ ಕಂಡಿತೆಂದು ರೇಡಿಯೇಟರ್ ಬದಲಿಸುತ್ತಾರೆ, ನಿಲ್ಲುವುದಿಲ್ಲ. ಆಮೇಲೆ ವಾಟರ್ ಪಂಪ್ ಬದಲಿಸುತ್ತಾರೆ, ಆಗಲೂ ನಿಲ್ಲುವುದಿಲ್ಲ. ಕೊನೆಗೆ ನೋಡಿದರೆ ಸೋರಿದ್ದು ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟಿಗೆ ದಾರಿ ಬಿಡುವ ವಾಲ್ವ್) ಕೂರುವ ಹೌಸಿಂಗಿನ ಗ್ಯಾಸ್ಕೆಟ್, ಅಂದರೆ ಜೋಡಣೆಯ ನಡುವಿನ ತೆಳು ಪದರ. ಹನಿ ಬೀಳುವ ಜಾಗಕ್ಕೂ ಸೋರುವ ಜಾಗಕ್ಕೂ ಒಂದು ಮೀಟರ್ ಅಂತರವಿದ್ದರೂ ಆಶ್ಚರ್ಯವಿಲ್ಲ. ದ್ರವ ಬ್ಲಾಕಿನ ಅಂಚು ಹಿಡಿದು ಇಳಿಯುತ್ತದೆ, ವೈರಿಂಗಿನ ಗುಂಟ ಹರಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಎರಚುತ್ತದೆ. ಹನಿ ಹುಟ್ಟುವ ಬಿಂದುವನ್ನು ಕಣ್ಣಾರೆ ನೋಡುವವರೆಗೆ ಒಂದು ಬಿಡಿಭಾಗವನ್ನೂ ಕೊಳ್ಳಬೇಡಿ. ಕೆಳಗಿನ ಕ್ರಮವೆಲ್ಲ ಅದಕ್ಕಾಗಿಯೇ.

ಕೈ ಹಾಕುವ ಮೊದಲು

ಬಿಸಿ ಇಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆರೆಯಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಯಾಕೆ ಎನ್ನುವುದು ಗೊತ್ತಿದ್ದರೆ ಆತುರ ತಾನಾಗಿ ಕಡಿಮೆಯಾಗುತ್ತದೆ. ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ ತೆರೆದಿಟ್ಟರೆ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಕ್ಯಾಪ್ 1 ಬಾರ್ ಒತ್ತಡ ಹಿಡಿದಿಟ್ಟಾಗ ಆ ಮಟ್ಟ 125 ಡಿಗ್ರಿ ದಾಟುತ್ತದೆ. ಹಾಗಾಗಿ ಮುಚ್ಚಿದ ರೇಡಿಯೇಟರಿನಲ್ಲಿ 115 ಡಿಗ್ರಿಯ ದ್ರವ ಕುದಿಯದೆ ಸುಮ್ಮನಿರುತ್ತದೆ. ಕ್ಯಾಪ್ ಸಡಿಲಿಸಿದ ಕ್ಷಣ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಎರಡು ಮೂರು ಗಂಟೆಯಾದರೂ ಬಿಡಿ. ದೊಡ್ಡ ಡೀಸೆಲ್ ಇಂಜಿನ್ ಆದರೆ ರಾತ್ರಿಯಿಡೀ ಬಿಡುವುದೇ ಒಳ್ಳೆಯದು. ಮೇಲಿನ ಹೋಸ್ ಹಿಂಡಿ ನೋಡಿ. ಗಟ್ಟಿಯಾಗಿದ್ದರೆ ಒಳಗೆ ಇನ್ನೂ ಒತ್ತಡವಿದೆ.

ಕೀ ತೆಗೆದ ಮೇಲೂ ತಾನಾಗಿ ತಿರುಗುವ ಎಲೆಕ್ಟ್ರಿಕ್ ಫ್ಯಾನ್ ಕೆಲವು ಗಾಡಿಗಳಲ್ಲಿರುತ್ತದೆ. ಅಂಥದ್ದಾದರೆ ಬ್ಯಾಟರಿಯ ನೆಗೆಟಿವ್ ತೆಗೆದೇ ಕೈ ಹಾಕಿ. ಕೆಳಗೆ ತೂರುವುದಿದ್ದರೆ ಚಕ್ರಕ್ಕೆ ಅಡ್ಡಗಟ್ಟೆ ಇರಲಿ, ಚಾಸಿಸ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇರಲಿ, ಜಾಕಿಯೊಂದನ್ನೇ ನಂಬಬೇಡಿ. ಕ್ಯಾಬಿನ್ ಮುಂದಕ್ಕೆ ಬಾಗುವ ಟ್ರಕ್ ಆದರೆ ಅದರ ಸೇಫ್ಟಿ ಲಾಕ್ ಕೂತಿದೆ ಎಂದು ಖಾತ್ರಿ ಮಾಡಿಕೊಂಡೇ ತಲೆ ಒಳಗೆ ಹಾಕಿ.

ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸ್ವಲ್ಪವೇ ಸಾಕು, ಪ್ರಾಣ ಹೋಗುತ್ತದೆ, ಮಕ್ಕಳಿಗೂ ಅಪಾಯ. ಹಿಡಿದ ದ್ರವವನ್ನು ತೆರೆದ ಬೋಗುಣಿಯಲ್ಲಿ ಬಿಡದೆ ಮುಚ್ಚಳವಿರುವ ಕ್ಯಾನಿಗೆ ಹಾಕಿ ಹೆಸರು ಬರೆದಿಡಿ, ನೆಲಕ್ಕೆ ಬಿದ್ದದ್ದನ್ನು ತೊಳೆಯಿರಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಳ್ಳೆಯ ಟಾರ್ಚ್, ಹಿಡಿಕೆಯುಳ್ಳ ಸಣ್ಣ ಕನ್ನಡಿ, ದೊಡ್ಡ ರಟ್ಟಿನ ಹಾಳೆಗಳು, ಒಣ ಬಟ್ಟೆ, ಸ್ಕ್ರೂಡ್ರೈವರ್ ಮತ್ತು ಸ್ಪ್ಯಾನರ್ ಸೆಟ್, ಡಿಸ್ಟಿಲ್ಡ್ ವಾಟರ್. ಇವುಗಳ ಜೊತೆಗೆ ಕೂಲಿಂಗ್ ಸಿಸ್ಟಂ ಪ್ರೆಷರ್ ಟೆಸ್ಟರ್. ಕೈಪಂಪಿಗೆ ಮೀಟರ್ ಜೋಡಿಸಿದಂಥ ಸಾಧನ ಇದು, ಕ್ಯಾಪಿನ ಜಾಗದಲ್ಲಿ ಕೂರುತ್ತದೆ. ಸ್ವಂತದ್ದೇ ಆಗಬೇಕಿಲ್ಲ, ಒಂದು ದಿನಕ್ಕೆ ಯಾರಿಂದಲಾದರೂ ಎರವಲು ತಂದರೂ ಸಾಕು. ಇದಿಲ್ಲದೆಯೂ ಕೆಲಸ ಆಗುತ್ತದೆ, ಆದರೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ.

ಬಿದ್ದದ್ದು ಕೂಲೆಂಟೇ ಹೌದಾ?

ಸಂಜೆ ಟ್ರಕ್ ನಿಲ್ಲಿಸಿ ಕೆಳಗೆ ರಟ್ಟು ಹಾಸಿ. ಮುಂಚಕ್ರಗಳು ಎಲ್ಲಿವೆ, ಬಂಪರ್ ಎಲ್ಲಿದೆ ಎಂದು ಪೆನ್ನಿನಲ್ಲಿ ಗುರುತು ಹಾಕಿಡಿ. ಬೆಳಗ್ಗೆ ರಟ್ಟು ಎಳೆದು ನೋಡಿದರೆ ಎಡವೋ ಬಲವೋ, ಇಂಜಿನ್ನಿನ ಮುಂದೋ ಹಿಂದೋ ಎನ್ನುವುದು ಗೊತ್ತಾಗುತ್ತದೆ. ಸದ್ಯಕ್ಕೆ ಅಷ್ಟು ಸಾಕು.

ಕಲೆಯನ್ನು ಬೆರಳಲ್ಲಿ ಉಜ್ಜಿ. ಕೂಲೆಂಟ್ ಜಾರುತ್ತದೆ ಆದರೆ ಎಣ್ಣೆಯಷ್ಟು ಜಿಡ್ಡಲ್ಲ, ವಾಸನೆ ಸಿಹಿ. ಬಣ್ಣ, ವಾಸನೆ ಏನೂ ಇಲ್ಲದ ನೀರು ಏಸಿ ಓಡಿಸಿದ ಮೇಲೆ ಕ್ಯಾಬಿನ್ನಿನ ಕೆಳಗೆ ಬಿದ್ದಿದ್ದರೆ ಅದು ಏಸಿಯ ನೀರು, ಬಿಟ್ಟುಬಿಡಿ. ಕೆಂಪು ಜಿಡ್ಡು ಪವರ್ ಸ್ಟೀರಿಂಗ್ ಅಥವಾ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಇರಬಹುದು. ಕೂಲೆಂಟಿನ ಬಣ್ಣವನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಹಸಿರು, ಕಿತ್ತಳೆ, ಗುಲಾಬಿ, ನೀಲಿ ಎಲ್ಲವೂ ಇವೆ, ಕಂಪನಿಯಿಂದ ಕಂಪನಿಗೆ ಬೇರೆ.

ಹಳೇ ಟ್ರಕ್ಕುಗಳಲ್ಲಿ ಇನ್ನೊಂದು ಪೇಚಿದೆ. ವರ್ಷಗಟ್ಟಲೆ ಬರೀ ನೀರು ಸುರಿದು ಓಡಿಸಿದ್ದರೆ ಸೋರಿದ್ದಕ್ಕೆ ಬಣ್ಣವೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ. ತುಕ್ಕಿನ ಕಂದು ಕಲೆ ಮಾತ್ರ ಉಳಿಯುತ್ತದೆ. ಅಂಥ ಇಂಜಿನ್ನಿನಲ್ಲಿ ಒಂದು ಸೋರಿಕೆ ಸಿಕ್ಕಿತೆಂದು ನಿಲ್ಲಿಸಬೇಡಿ. ತುಕ್ಕು ತಿಂದ ಕಡೆ ಇನ್ನೊಂದೂ ಇರುವ ಸಂಭವ ಹೆಚ್ಚು.

ಕ್ಯಾಪ್ ಮತ್ತು ಬಾಟಲಿ

ಕಡೆಗೆ ನೋಡಿದರಾಯಿತು ಎಂದು ಬಿಡುವ ಈ ಎರಡನ್ನು ಮೊದಲೇ ನೋಡಿ. ಕ್ಯಾಪಿನ ಮೇಲೆ ಒತ್ತಡದ ಅಂಕಿ ಇರುತ್ತದೆ: 0.9 ಅಥವಾ 1.1 ಎಂದಿದ್ದರೆ ಬಾರ್, 13 ಅಥವಾ 16 ಎಂದಿದ್ದರೆ ಪಿಎಸ್‌ಐ, 88 ಅಥವಾ 108 ಎಂದಿದ್ದರೆ ಕಿಲೊಪಾಸ್ಕಲ್. ಈ ಅಂಕಿ ಇಂಜಿನ್ನಿಗೆ ಹೇಳಿದ್ದೇ ಇದೆಯೇ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿ. ಯಾವಾಗಲೋ ಯಾರೋ ಕೈಗೆ ಸಿಕ್ಕ ಕ್ಯಾಪ್ ಹಾಕಿಬಿಟ್ಟಿರುವುದು ಹಳೇ ಗಾಡಿಗಳಲ್ಲಿ ಸಾಮಾನ್ಯ. ಕಡಿಮೆ ಒತ್ತಡದ ಕ್ಯಾಪ್ ಹಾಕಿದರೆ ಏರು ಹತ್ತುವಾಗ ಕೂಲೆಂಟ್ ಹೊರಹಾಕುತ್ತದೆ; ಹೆಚ್ಚಿನದು ಹಾಕಿದರೆ ಹಳೇ ಹೋಸು, ರೇಡಿಯೇಟರಿನ ಜೋಡಣೆ ಬಾಯಿ ಬಿಡುತ್ತವೆ.

ತಣ್ಣಗಿರುವಾಗ ಕ್ಯಾಪ್ ತೆಗೆದು ಕೆಳಗಿನ ರಬ್ಬರ್ ವಾಷರ್ ನೋಡಿ. ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ, ಆಳವಾದ ಗೀರಿನ ಉಂಗುರ ಮೂಡಿದ್ದರೆ ಕ್ಯಾಪ್ ಬದಲಿಸಿ. ನಡುವಿನ ಸಣ್ಣ ವಾಲ್ವನ್ನು ಉಗುರಿನಿಂದ ಎಳೆದು ಬಿಟ್ಟರೆ ಸ್ಪ್ರಿಂಗಿನಿಂದ ಹಿಂದಕ್ಕೆ ಕೂರಬೇಕು. ಇಂಜಿನ್ ತಣ್ಣಗಾಗುವಾಗ ಬಾಟಲಿಯಿಂದ ಕೂಲೆಂಟ್ ವಾಪಸ್ ಎಳೆದುಕೊಳ್ಳುವ ದಾರಿ ಅದೇ. ಅದು ಕಚ್ಚಿಕೊಂಡರೆ ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿರುತ್ತದೆ. ಕ್ಯಾಪ್ ಕೂರುವ ರೇಡಿಯೇಟರ್ ಕುತ್ತಿಗೆಯ ಅಂಚನ್ನೂ ಬೆರಳಲ್ಲಿ ಸವರಿ. ಅಲ್ಲಿ ಗೆರೆ, ಗುಂಡಿ ಇದ್ದರೆ ಹೊಸ ಕ್ಯಾಪ್ ಹಾಕಿಯೂ ಪ್ರಯೋಜನವಿಲ್ಲ.

ಬಾಟಲಿ ಯಾವಾಗಲೂ ತುಂಬಿಯೇ ಇದೆ, ಆದರೆ ರೇಡಿಯೇಟರ್ ಖಾಲಿಯಾಗುತ್ತಿದೆ ಎನ್ನುವುದು ಒಂದು ವಿಚಿತ್ರ ದೂರು. ರೇಡಿಯೇಟರಿನಿಂದ ಬಾಟಲಿಗೆ ಹೋಗುವ ಬೆರಳಿನಷ್ಟು ಸಣ್ಣ ಪೈಪ್ ಎಲ್ಲೋ ಸೀಳಿರುತ್ತದೆ, ತಣ್ಣಗಾಗುವಾಗ ಕೂಲೆಂಟಿನ ಬದಲು ಗಾಳಿ ಒಳಗೆ ಬರುತ್ತದೆ. ಬಾಟಲಿಯೊಳಗೆ ಆ ಪೈಪಿನ ತುದಿ ತಳಮುಟ್ಟದೆ ಮೇಲೇ ನಿಂತಿದ್ದರೂ ಹೀಗೇ ಆಗುತ್ತದೆ.

ತೊಳೆದು ಒಣಗಿಸಿ

ಹಳೇ ಇಂಜಿನ್ನಿನ ಮೇಲೆ ಎಣ್ಣೆ, ಧೂಳು ಕೂಡಿ ಗಟ್ಟಿಯಾದ ಪದರವಿರುತ್ತದೆ. ಅದರ ಕೆಳಗೆ ಸೋರಿಕೆ ಹುಡುಕುವುದು ವ್ಯರ್ಥ ಪ್ರಯಾಸ. ತೊಳೆಯುವ ಮೊದಲು ಒಂದು ಸುತ್ತು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಕೂಲೆಂಟ್ ಒಣಗಿದ ಕಡೆ ಬಿಳಿ, ಹಸಿರು ಅಥವಾ ಗುಲಾಬಿ ಹುಡಿ ಅಂಟಿರುತ್ತದೆ. ತೊಳೆದ ಮೇಲೆ ಆ ಸಾಕ್ಷಿ ಹೋಗಿಬಿಡುತ್ತದೆ. ಆಮೇಲೆ ಡಿಗ್ರೀಸರ್ ಹಾಕಿ, ಬ್ರಷ್‌ನಲ್ಲಿ ಉಜ್ಜಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಸುತ್ತಿ. ಇಂಜಿನ್ ಬಿಸಿಯಿರುವಾಗ ತಣ್ಣೀರು ಹೊಡೆಯಬೇಡಿ. ಪೂರ್ತಿ ಒಣಗಲು ಬಿಡಿ. ಒದ್ದೆಯಿರುವಾಗ ಪರೀಕ್ಷೆ ಮಾಡಿದರೆ ಎಲ್ಲವೂ ಸೋರಿಕೆಯಂತೆಯೇ ಕಾಣುತ್ತದೆ.

ಒತ್ತಡ ಹಾಕಿ ನೋಡುವುದು

ಇಂಜಿನ್ ತಣ್ಣಗಿರಲಿ. ರೇಡಿಯೇಟರನ್ನು ಕುತ್ತಿಗೆಯವರೆಗೆ ತುಂಬಿಸಿ. ಅರ್ಧ ಖಾಲಿಯಿದ್ದರೆ ಮೇಲ್ಭಾಗದ ಸೋರಿಕೆಯಿಂದ ಬರೀ ಗಾಳಿ ಹೋಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಕ್ಯಾಬಿನ್ ಹೀಟರ್ ಇರುವ ಗಾಡಿಯಾದರೆ ಅದರ ನಾಬನ್ನು ಪೂರ್ತಿ ಬಿಸಿ ಕಡೆಗೆ ತಿರುಗಿಸಿ. ಹಳೇ ಮಾಡೆಲ್‌ಗಳಲ್ಲಿ ಹೀಟರಿಗೆ ಹೋಗುವ ಪೈಪಿನಲ್ಲಿ ಕೇಬಲ್ಲಿನ ವಾಲ್ವ್ ಇರುತ್ತದೆ. ಅದು ಮುಚ್ಚಿದ್ದರೆ ಒತ್ತಡ ಹೀಟರ್ ಕೋರಿಗೆ (ಕ್ಯಾಬಿನ್ ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಸರಿಯಾಗಿ ಹೋಗದಿರಬಹುದು, ತೂತಾದ ಕೋರ್ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು.

ಟೆಸ್ಟರನ್ನು ಕುತ್ತಿಗೆಗೆ ಬಿಗಿದು, ಕ್ಯಾಪಿನ ಮೇಲೆ ಬರೆದಿರುವ ಅಂಕಿಯವರೆಗೆ ನಿಧಾನವಾಗಿ ಪಂಪ್ ಮಾಡಿ. ಅದರ ಮೇಲೆ ಒಂದು ಗೆರೆಯೂ ಬೇಡ. ಹೋಸುಗಳು ಸ್ವಲ್ಪ ಹಿಗ್ಗುವುದರಿಂದ ಮುಳ್ಳು ಮೊದಲು ತುಸು ಇಳಿಯುತ್ತದೆ. ಮತ್ತೆ ಅಂಕಿಗೆ ತಂದು 15 ನಿಮಿಷ ಬಿಡಿ. ಮುಳ್ಳು ಅಲ್ಲೇ ನಿಂತರೆ ತಣ್ಣಗಿರುವಾಗ ಹೊರ ಸೋರಿಕೆಯಿಲ್ಲ. ಕೆಲವೇ ಸೆಕೆಂಡಿನಲ್ಲಿ ಬಿದ್ದರೆ ಸೋರಿಕೆ ದೊಡ್ಡದು, ನೆಲ ನೋಡಿದರೆ ಸಿಗುತ್ತದೆ. ಕಷ್ಟವಾಗುವುದು ಹತ್ತು ನಿಮಿಷದಲ್ಲಿ ಒಂದೆರಡು ಪಿಎಸ್‌ಐ ಮಾತ್ರ ಇಳಿಯುವಂಥದ್ದು. ಅಂಥದ್ದಕ್ಕೆ ಪಂಪ್ ಮಾಡುತ್ತಾ ಅರ್ಧ ಗಂಟೆ, ಒಂದು ಗಂಟೆ ಒತ್ತಡ ಕಾಯ್ದುಕೊಂಡು, ಒಣ ಟಿಶ್ಯೂ ಕಾಗದ ಒಂದೊಂದೇ ಜೋಡಣೆಗೆ ಒತ್ತಿ ನೋಡಿ. ಕಣ್ಣಿಗೆ ಕಾಣದ ಪಸೆ ಕಾಗದದಲ್ಲಿ ಕಾಣುತ್ತದೆ. ಟೆಸ್ಟರಿನ ಸ್ವಂತ ಜೋಡಣೆಯೇ ಸೋರುತ್ತಿಲ್ಲವೇ ಎಂದೂ ಒಮ್ಮೆ ಸೋಪಿನ ನೀರು ಹಾಕಿ ನೋಡಿ.

ಟೆಸ್ಟರ್ ಇಲ್ಲವೆಂದು ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಪೈಪನ್ನು ರೇಡಿಯೇಟರಿಗೆ ತುರುಕುವವರಿದ್ದಾರೆ. 1 ಬಾರ್ ತಡೆಯುವ ವ್ಯವಸ್ಥೆಗೆ 7–8 ಬಾರ್ ಗಾಳಿ ಬಿಟ್ಟರೆ ಹೀಟರ್ ಕೋರ್ ಅಥವಾ ರೇಡಿಯೇಟರಿನ ಟ್ಯಾಂಕ್ ಒಡೆಯುತ್ತದೆ. ಅದರ ಬದಲು ಇಂಜಿನ್ ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿ, ತನ್ನದೇ ಒತ್ತಡವಿರುವಾಗ ಟಾರ್ಚ್ ಹಿಡಿದು ಹುಡುಕಿ. ನಿಲ್ಲಿಸಿದ ಮೊದಲ ಕೆಲ ನಿಮಿಷ ಬಿಸಿ ಇನ್ನೂ ಏರುತ್ತದೆ, ಆಗಲೇ ಸೋರಿಕೆ ಚೆನ್ನಾಗಿ ಕಾಣುವುದು.

ಹುಡುಕುವಾಗ ಯಾವಾಗಲೂ ಮೇಲಿನಿಂದ ಕೆಳಕ್ಕೆ ಬನ್ನಿ. ಒದ್ದೆಯಿರುವ ಅತ್ಯಂತ ಎತ್ತರದ ಜಾಗವೇ ಮೂಲಕ್ಕೆ ಹತ್ತಿರ.

ಹೋಸುಗಳು: ತಣ್ಣಗಿರುವಾಗ ಪ್ರತಿಯೊಂದನ್ನೂ ಹಿಂಡಿ. ಮಿದುವಾಗಿ ಕುಸಿದರೆ, ಕ್ಲಿಪ್ ಹತ್ತಿರ ಉಬ್ಬಿದ್ದರೆ, ಒಳಗೆ ಕರಕರ ಎಂದರೆ ಅದರ ಆಯಸ್ಸು ಮುಗಿಯಿತು. ಹೋಸ್ ಒಳಗಿನಿಂದ ಸೀಳುವುದೇ ಹೆಚ್ಚು, ಹೊರಮೈ ನುಣ್ಣಗಿದೆ ಎನ್ನುವುದು ಲೆಕ್ಕಕ್ಕಿಲ್ಲ. ಎಣ್ಣೆ ಬಿದ್ದ ಹೋಸ್ ಊದಿಕೊಂಡು ಜಿಗುಟಾಗುತ್ತದೆ; ಆಗ ಎಣ್ಣೆ ಸೋರಿಕೆಯನ್ನೂ ನಿಲ್ಲಿಸದೆ ಹೊಸ ಹೋಸ್ ಹಾಕಿದರೆ ಅದೂ ಹಾಗೇ ಆಗುತ್ತದೆ. ಕ್ಲಿಪ್ಪಿನಲ್ಲಿ ಮಾತ್ರ ಪಸೆಯಿದ್ದರೆ ಬಿಗಿಮಾಡಿ ನೋಡಿ, ಆದರೆ ಮುರಿಯುವಂತೆ ತಿರುಗಿಸಬೇಡಿ. ಅತಿ ಬಿಗಿಯಾದ ಕ್ಲಿಪ್ ರಬ್ಬರನ್ನು ಕತ್ತರಿಸಿ ಹೊಸ ಸೋರಿಕೆ ಹುಟ್ಟಿಸುತ್ತದೆ. ಬಿಗಿಮಾಡಿದರೂ ಬಂದರೆ ಹೋಸ್ ಬಿಚ್ಚಿ ಅದು ಕೂರುವ ಲೋಹದ ಕೊಳವೆ ನೋಡಿ. ತುಕ್ಕಿನ ಹೊಪ್ಪಳೆ ಎದ್ದಿದ್ದರೆ ಎಮರಿ ಕಾಗದದಲ್ಲಿ ನಯ ಮಾಡಿದ ಮೇಲೆಯೇ ಹೋಸ್ ಕೂರುವುದು.

ರೇಡಿಯೇಟರ್: ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿದ್ದಾದರೆ ಆ ಮಡಿಕೆಯ ಗುಂಟ, ಮತ್ತು ಮೇಲಿನ ಹೋಸ್ ಕೂರುವ ಕೊಳವೆಯ ಬುಡದಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಹಳೆಯ ತಾಮ್ರ–ಹಿತ್ತಾಳೆಯ ರೇಡಿಯೇಟರ್ ಆದರೆ ಬೆಸುಗೆಯ ಗೆರೆಗಳಲ್ಲಿ ಹಸಿರು ಕಿಲುಬು ಕಾಣುತ್ತದೆ. ಕೆಳಗಿನ ಡ್ರೈನ್ ಕಾಕ್ ಮರೆಯಬೇಡಿ. ಎಷ್ಟೋ ಬಾರಿ ಅದರ ಸಣ್ಣ ರಬ್ಬರ್ ವಾಷರ್ ಬಿಟ್ಟರೆ ಬೇರೇನೂ ಕೆಟ್ಟಿರುವುದಿಲ್ಲ.

ವಾಟರ್ ಪಂಪ್: ಶಾಫ್ಟಿನ ಕೆಳಗೆ ವೀಪ್ ಹೋಲ್ ಎನ್ನುವ ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸೋತರೆ ಕೂಲೆಂಟ್ ಬೇರಿಂಗಿಗೆ ಹೋಗದೆ ಹೊರಬರಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಕನ್ನಡಿ ಹಿಡಿದು ನೋಡಿ. ತೂತಿನ ಬಾಯಲ್ಲಿ ಒಣ ಕಲೆ ಇದ್ದ ಮಾತ್ರಕ್ಕೆ ಪಂಪ್ ತೆಗೆಯಬೇಕಿಲ್ಲ. ಒತ್ತಡ ಹಾಕಿದಾಗ ಹನಿ ಕಟ್ಟಿದರೆ ಅಥವಾ ಕೆಳಗೆ ಹರಿದ ಗೆರೆಯಿದ್ದರೆ ತೆಗೆಯಲೇಬೇಕು. ಆ ತೂತಿಗೆ ಎಂ-ಸೀಲ್ ಮೆತ್ತಿ ಮುಚ್ಚುವುದು ಮಾತ್ರ ಬೇಡ, ನೀರು ಬೇರಿಂಗ್ ಸೇರಿ ಪಂಪ್ ದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಬೆಲ್ಟ್ ತೆಗೆದು ಪುಲ್ಲಿಯನ್ನು ಹಿಡಿದು ಅಲುಗಿಸಿ. ಆಟ ಸಿಕ್ಕರೆ, ತಿರುಗಿಸಿದಾಗ ಒರಟಾಗಿ ಸದ್ದು ಮಾಡಿದರೆ ಬೇರಿಂಗೂ ಹೋಗಿದೆ.

ಥರ್ಮೋಸ್ಟಾಟ್ ಹೌಸಿಂಗ್ ಇಂಜಿನ್ನಿನ ಮೇಲ್ಭಾಗದಲ್ಲಿರುವುದರಿಂದ ಅಲ್ಲಿ ಸೋರಿದ್ದು ಎಲ್ಲರ ಮೇಲೂ ಅಪವಾದ ಹೊರಿಸುತ್ತದೆ. ವಿ ಆಕಾರದ ಇಂಜಿನ್ ಆದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಅಂಚುಗಳನ್ನೂ ನೋಡಿ. ಹಿಂಬದಿಯ ಮೂಲೆಯಲ್ಲಿ ಸೋರಿದರೆ ಕೂಲೆಂಟ್ ಬ್ಲಾಕಿನ ಹಿಂದಿನಿಂದ ಇಳಿಯುತ್ತದೆ.

ಗೇರ್‌ಬಾಕ್ಸ್ ಕೂಡುವ ಜಾಗದಿಂದ ಹನಿ ಬೀಳುತ್ತಿದ್ದು, ಮೇಲೆ ಎಲ್ಲೂ ಒದ್ದೆ ಇಲ್ಲದಿದ್ದರೆ ವೆಲ್ಶ್ ಪ್ಲಗ್ ಮೇಲೆ ಅನುಮಾನ ಪಡಿ. ಎರಕದ ಬ್ಲಾಕಿನ ತೂತುಗಳಿಗೆ ಹೊಡೆದು ಕೂರಿಸುವ ತೆಳು ತಗಡಿನ ಬಿಲ್ಲೆಗಳಿವು. ಕೂಲೆಂಟ್ ಬದಲಿಸದ ಇಂಜಿನ್ನಿನಲ್ಲಿ ಒಳಗಿನಿಂದ ತುಕ್ಕು ಹಿಡಿದು ಸೂಜಿಮೊನೆಯ ತೂತು ಬೀಳುತ್ತದೆ. ಬದಿಯಲ್ಲಿರುವವು ಸ್ಟಾರ್ಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮರೆಯಲ್ಲಿರುತ್ತವೆ. ಹಿಂಬದಿಯದ್ದಾದರೆ ಗೇರ್‌ಬಾಕ್ಸ್ ಇಳಿಸದೆ ಕೈಗೆ ಸಿಗುವುದಿಲ್ಲ. ಒಂದು ತೂತಾಗಿದ್ದರೆ ಕೈಗೆಟಕುವ ಉಳಿದವನ್ನೂ ಬದಲಿಸಿಬಿಡಿ, ಎಲ್ಲದರ ವಯಸ್ಸೂ ಒಂದೇ.

ಹೀಟರ್ ಕೋರ್ ಸೋರಿದರೆ ಕ್ಯಾಬಿನ್ನಿನ ಒಳಗೆ ಸಿಹಿ ವಾಸನೆ, ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಜಿಡ್ಡು ಮಂಜು, ಮ್ಯಾಟ್ ಕೆಳಗೆ ಒದ್ದೆ. ಖಾತ್ರಿ ಮಾಡಿಕೊಳ್ಳಲು ಇಂಜಿನ್ ಕಡೆಯಿಂದ ಹೀಟರಿಗೆ ಹೋಗುವ ಎರಡೂ ಹೋಸ್ ಬಿಚ್ಚಿ, ಅದೇ ಅಳತೆಯ ಲೋಹದ ಕೊಳವೆಯಿಂದ ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿಯಿರಿ. ಮಟ್ಟ ಇಳಿಯುವುದು ನಿಂತರೆ ಕಳ್ಳ ಸಿಕ್ಕಂತೆ. ಹೊಸ ಕೋರ್ ಬರುವವರೆಗೆ ಹಾಗೆಯೇ ಓಡಿಸಬಹುದು.

ಬಿಸಿಗೆ ಮಾತ್ರ ಅಥವಾ ತಣ್ಣಗಿದ್ದಾಗ ಮಾತ್ರ

ತಣ್ಣಗಿರುವಾಗ ಮುಳ್ಳು ಅಲುಗದೆ ನಿಂತರೂ ಮಟ್ಟ ಇಳಿಯುತ್ತಲೇ ಇರಬಹುದು. ಕೆಲವು ಬಿರುಕು ಲೋಹ, ಪ್ಲಾಸ್ಟಿಕ್ ಬಿಸಿಗೆ ಹಿಗ್ಗಿದಾಗ ಮಾತ್ರ ಬಾಯಿ ತೆರೆಯುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಹಳೇ ಹೋಸಿನ ಕ್ಲಿಪ್ ಜೋಡಣೆ ಚಳಿಯ ಬೆಳಗ್ಗೆ ಕುಗ್ಗಿ ಎರಡು ಹನಿ ಬಿಟ್ಟು, ಬಿಸಿಯಾದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ರಾತ್ರಿ ನಿಂತ ಮೇಲೊಮ್ಮೆ, ಓಡಿಸಿ ನಿಲ್ಲಿಸಿದ ಕೂಡಲೇ ಇನ್ನೊಮ್ಮೆ ರಟ್ಟು ಹಾಸಿ ನೋಡಿ. ಎರಡನ್ನೂ ಬೇರೆಬೇರೆಯಾಗಿ ಬರೆದಿಡಿ.

ಇಷ್ಟಾದರೂ ಸಿಗದಿದ್ದರೆ ಕೂಲೆಂಟಿಗೆಂದೇ ಮಾಡಿದ ಯುವಿ ಡೈ ಹಾಕಿ. ಅಳತೆ ಅದರ ಸೀಸೆಯ ಮೇಲಿರುತ್ತದೆ. ಡೀಸೆಲ್ ಟ್ರಕ್ಕಿನಲ್ಲಿ ಕೂಲೆಂಟ್ ಪ್ರಮಾಣ ಹೆಚ್ಚಿರುವುದರಿಂದ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ. ಎರಡು ಮೂರು ದಿನ ಎಂದಿನಂತೆ ಓಡಿಸಿ, ಕತ್ತಲಾದ ಮೇಲೆ ಯುವಿ ಟಾರ್ಚ್ ಮತ್ತು ಹಳದಿ ಕನ್ನಡಕದಲ್ಲಿ ನೋಡಿ. ಸೋರಿದ ದಾರಿಯೆಲ್ಲ ಹಳದಿ ಹಸಿರಾಗಿ ಹೊಳೆಯುತ್ತದೆ. ಸುರಿಯುವಾಗ ಹೊರಗೆ ಚೆಲ್ಲಿದ್ದರೆ ಅದೂ ಅಷ್ಟೇ ಚೆನ್ನಾಗಿ ಹೊಳೆದು ದಾರಿ ತಪ್ಪಿಸುತ್ತದೆ, ಲಾಳಿಕೆ ಬಳಸಿ.

ಹೊರಗೆ ಎಲ್ಲೂ ಇಲ್ಲದಿದ್ದರೆ

ಈಗ ಅನುಮಾನ ಒಳಗಡೆಗೆ. ಎಲ್ಲರೂ ನೇರವಾಗಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್) ಎಂದುಬಿಡುತ್ತಾರೆ. ಹೆಡ್ ಬಿಚ್ಚುವ ಮೊದಲು ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿ.

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಸುರಿಯದೆಯೇ ಏರಿದ್ದರೆ, ಬಣ್ಣ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಬರೀ ಫಿಲ್ಲರ್ ಕ್ಯಾಪಿನ ಕೆಳಗೆ ಮಾತ್ರ ತುಸು ಬಿಳಿ ಲೋಳೆಯಿದ್ದು ಆಯಿಲ್ ಚೆನ್ನಾಗಿದ್ದರೆ ಹೆದರಬೇಡಿ. ಹತ್ತಿರದ ಓಡಾಟ ಮಾತ್ರ ಮಾಡುವ ಗಾಡಿಯಲ್ಲಿ ಒಳಗಿನ ತೇವ ಹಾಗೆ ಕಟ್ಟಿಕೊಳ್ಳುತ್ತದೆ. ಸಂಶಯವಿದ್ದರೆ ಗಾಡಿ ರಾತ್ರಿಯಿಡೀ ನಿಲ್ಲಲಿ. ಬೆಳಗ್ಗೆ ಸ್ಟಾರ್ಟ್ ಮಾಡದೆ ಆಯಿಲ್ ಡ್ರೈನ್ ನಟ್ಟನ್ನು ಹನಿ ಬರುವಷ್ಟೇ ಸಡಿಲಿಸಿ. ಕೂಲೆಂಟ್ ಆಯಿಲಿಗಿಂತ ಭಾರ, ತಳದಲ್ಲಿ ನಿಂತಿದ್ದರೆ ಮೊದಲು ಅದೇ ಬರುತ್ತದೆ. ಬಂದರೆ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಬೇರಿಂಗ್‌ಗಳು ಬಹಳ ಬೇಗ ಹಾಳಾಗುತ್ತವೆ.

ಸುಟ್ಟ ಗ್ಯಾಸ್ ಕೂಲೆಂಟಿಗೆ ಸೇರುತ್ತಿದೆಯೇ ಎಂದು ನೋಡಲು ಸುಲಭ ದಾರಿಯಿದೆ. ಪೂರ್ತಿ ತಣ್ಣಗಿರುವ ಇಂಜಿನ್ನಿನಲ್ಲಿ ವಾಟರ್ ಪಂಪ್ ತಿರುಗಿಸುವ ಬೆಲ್ಟ್ ತೆಗೆಯಿರಿ, ರೇಡಿಯೇಟರ್ ತುಂಬಿಸಿ ಕ್ಯಾಪ್ ತೆರೆದಿಡಿ, ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ನಿಲ್ಲಿಸಿ. ಪಂಪ್ ತಿರುಗುತ್ತಿಲ್ಲವಾದ್ದರಿಂದ ದ್ರವ ಸುಮ್ಮನಿರಬೇಕು. ಬಿಡದೆ ಗುಳ್ಳೆ ಎದ್ದರೆ ಯಾವುದೋ ಸಿಲಿಂಡರಿನಿಂದ ಗ್ಯಾಸ್ ಬರುತ್ತಿದೆ. ಪಂಪ್ ಟೈಮಿಂಗ್ ಬೆಲ್ಟಿನಿಂದ ಅಥವಾ ಗೇರಿನಿಂದ ತಿರುಗುವ ಇಂಜಿನ್ನಿಗೆ ಈ ಉಪಾಯ ಆಗದು. ಅದಕ್ಕೆ ನೀಲಿ ದ್ರವದ ಬ್ಲಾಕ್ ಟೆಸ್ಟರ್ ಬೇಕು. ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಮಟ್ಟವನ್ನು ಕುತ್ತಿಗೆಯಿಂದ ನಾಲ್ಕೈದು ಸೆಂಟಿಮೀಟರ್ ಇಳಿಸಿ, ತೆರೆದ ಬಾಯಲ್ಲೇ ಇಂಜಿನ್ ಬಿಸಿ ಮಾಡಿ, ಟೆಸ್ಟರ್ ಇಟ್ಟು ರಬ್ಬರ್ ಬಲ್ಬಿನಿಂದ ಒಂದೆರಡು ನಿಮಿಷ ಗಾಳಿ ಎಳೆಯಿರಿ. ದ್ರವ ಪೆಟ್ರೋಲ್ ಇಂಜಿನ್ನಿನಲ್ಲಿ ಹಳದಿಗೆ, ಡೀಸೆಲ್‌ನಲ್ಲಿ ಹಸಿರಿಗೆ ತಿರುಗಿದರೆ ಗ್ಯಾಸ್ ಇದೆ. ಕೂಲೆಂಟ್ ಟೆಸ್ಟರಿನೊಳಗೆ ಎಳೆದುಕೊಂಡರೆ ಆ ದ್ರವ ಕೆಟ್ಟಿತು, ಹೊಸದು ಹಾಕಿ ಮತ್ತೆ ಮಾಡಿ.

ಏರ್ ಬ್ರೇಕಿನ ಟ್ರಕ್ಕುಗಳಲ್ಲಿ ಇಲ್ಲೇ ಒಂದು ದೊಡ್ಡ ಬಲೆಯಿದೆ. ಬ್ರೇಕಿನ ಏರ್ ಕಂಪ್ರೆಸರಿನ ಹೆಡ್ಡಿಗೂ ಸಾಮಾನ್ಯವಾಗಿ ಇಂಜಿನ್ ಕೂಲೆಂಟೇ ಹೋಗುವುದು. ಅದರ ಗ್ಯಾಸ್ಕೆಟ್ ಹೋದರೆ ಬ್ರೇಕಿನ ಗಾಳಿ ಕೂಲೆಂಟಿಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆ, ಓವರ್‌ಫ್ಲೋ, ಹೋಸ್ ಕಲ್ಲಿನಂತೆ ಗಟ್ಟಿ, ಎಲ್ಲವೂ ಹೆಡ್ ಗ್ಯಾಸ್ಕೆಟ್ ಹೋದ ಹಾಗೆಯೇ. ಎರಡನ್ನೂ ಬೇರೆ ಮಾಡುವುದು ಹೀಗೆ: ಗಾಳಿ ತುಂಬುತ್ತಿರುವಾಗ ಗುಳ್ಳೆ ನೋಡಿ, ಆಮೇಲೆ ಟ್ಯಾಂಕ್ ತುಂಬಿ ಕಂಪ್ರೆಸರ್ ಅನ್‌ಲೋಡ್ ಆದ ಮೇಲೆ, ಅಂದರೆ ಗಾಳಿ ತುಂಬುವುದನ್ನು ನಿಲ್ಲಿಸಿದ ಮೇಲೆ ನೋಡಿ. ಅನ್‌ಲೋಡ್ ಆದಾಗ ಗುಳ್ಳೆ ನಿಂತು, ಬ್ರೇಕ್ ಒತ್ತಿ ಗಾಳಿ ಇಳಿಸಿದಾಗ ಮತ್ತೆ ಶುರುವಾದರೆ ಕಂಪ್ರೆಸರೇ ಅಪರಾಧಿ. ಬ್ಲಾಕ್ ಟೆಸ್ಟರಿನ ಬಣ್ಣವೂ ಬದಲಾಗುವುದಿಲ್ಲ, ಯಾಕೆಂದರೆ ಅದು ಸುಟ್ಟ ಗ್ಯಾಸಲ್ಲ, ಬರೀ ಗಾಳಿ. ಏರ್ ಟ್ಯಾಂಕ್ ಡ್ರೈನ್ ಮಾಡಿದಾಗ ಕೂಲೆಂಟ್ ಬಂದರೆ ಮಾತೇ ಬೇಡ. ಬ್ರೇಕ್ ವಾಲ್ವುಗಳೂ ಕೆಡುತ್ತವೆ, ಸರಿಮಾಡುವವರೆಗೆ ಗಾಡಿ ರಸ್ತೆಗಿಳಿಸಬೇಡಿ.

ಕೂಲೆಂಟಿನಲ್ಲಿ ಆಯಿಲ್ ತೇಲುತ್ತಿದೆ, ಗ್ಯಾಸ್ ಮಾತ್ರ ಇಲ್ಲ ಎಂದರೆ ಕೂಲೆಂಟಿನಿಂದ ಇಂಜಿನ್ ಆಯಿಲನ್ನು ತಣಿಸುವ ಆಯಿಲ್ ಕೂಲರ್ ಕಡೆ ನೋಡಿ. ಇಂಜಿನ್ ಓಡುವಾಗ ಆಯಿಲಿನ ಒತ್ತಡ ಕೂಲೆಂಟಿನದಕ್ಕಿಂತ ಹೆಚ್ಚು, ಹಾಗಾಗಿ ಆಯಿಲ್ ಕೂಲೆಂಟಿಗೆ ನುಗ್ಗುತ್ತದೆ. ನಿಲ್ಲಿಸಿದ ಮೇಲೆ ಉಳಿದ ಒತ್ತಡಕ್ಕೆ ಕೂಲೆಂಟ್ ಆಯಿಲಿನ ಕಡೆಗೆ ಬರುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೂಲರ್ ರೇಡಿಯೇಟರಿನ ಟ್ಯಾಂಕಿನೊಳಗೇ ಇದ್ದರೆ ಗೇರ್ ಆಯಿಲ್ ಗುಲಾಬಿ ಕೆನೆಯಾಗುತ್ತದೆ.

ಬೆಳಗಿನ ಮೊದಲ ಸ್ಟಾರ್ಟಿಗೆ ಸೈಲೆನ್ಸರಿನಿಂದ ತುಸು ಬಿಳಿ ಹಬೆ ಬಂದು ಹೋಗುವುದು ಸಹಜ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲೆಂಟ್ ಸುಡುತ್ತಿದೆ. ಈಜಿಆರ್ ಕೂಲರ್ (ಇಂಜಿನ್ನಿಗೆ ಮರಳಿ ಕಳಿಸುವ ಸುಟ್ಟ ಗ್ಯಾಸನ್ನು ಕೂಲೆಂಟಿನಿಂದ ತಣಿಸುವ ಭಾಗ) ಇರುವ ಡೀಸೆಲ್ ಆದರೆ ಹೆಡ್ಡಿಗಿಂತ ಮೊದಲು ಅದನ್ನು ಅನುಮಾನಿಸಿ: ಈಜಿಆರ್ ವಾಲ್ವ್ ಬಿಚ್ಚಿ ನೋಡಿದಾಗ ಮಸಿ ಒಣಗಿರಬೇಕು, ಒದ್ದೆ ಕೆಸರಾಗಿದ್ದರೆ ಕೂಲರ್ ಒಳಗೆ ತೂತಾಗಿದೆ.

ವೆಟ್ ಲೈನರಿನ (ಹೊರಮೈಗೆ ನೇರ ಕೂಲೆಂಟ್ ತಾಗುವ, ಬಿಚ್ಚಿ ತೆಗೆಯಬಹುದಾದ ಸಿಲಿಂಡರ್ ಕೊಳವೆ) ದೊಡ್ಡ ಡೀಸೆಲ್‌ಗಳಲ್ಲಿ ಲೈನರ್ ಬುಡದ ಓ-ರಿಂಗ್ ಸೋತೋ, ಗುಳ್ಳೆ ಹೊಡೆತಕ್ಕೆ ಲೈನರಿನ ಗೋಡೆ ತೂತು ಬಿದ್ದೋ ಕೂಲೆಂಟ್ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಚೇಂಬರ್ ಇಳಿಸಿ, ಕೂಲೆಂಟಿಗೆ ಒತ್ತಡ ಹಾಕಿಟ್ಟು, ಕೆಳಗಿನಿಂದ ಟಾರ್ಚ್ ಬಿಟ್ಟು ಯಾವ ಲೈನರಿನಿಂದ ಹನಿ ಬರುತ್ತದೆಂದು ನೋಡಬಹುದು. ಹನಿ ಲೈನರಿನ ಹೊರಬುಡದಿಂದ ಬಂದರೆ ಓ-ರಿಂಗ್. ಒಳಗಿನಿಂದ, ಪಿಸ್ಟನ್ ಕಡೆಯಿಂದ ಬಂದರೆ ಲೈನರ್ ತೂತು ಅಥವಾ ಹೆಡ್ ಗ್ಯಾಸ್ಕೆಟ್.

ಹೀಗೆ ಹೆಚ್ಚು ಹೊತ್ತು ಒತ್ತಡ ಹಾಕಿಟ್ಟ ಮೇಲೆ ಒಮ್ಮೆಲೇ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ದ್ರವ ನಿಂತಿದ್ದರೆ ಪಿಸ್ಟನ್ ಅದನ್ನು ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಲೋ ಪ್ಲಗ್, ಇಂಜೆಕ್ಟರ್ ಅಥವಾ ಸ್ಪಾರ್ಕ್ ಪ್ಲಗ್ ತೆಗೆದು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಯಾವ ತೂತಿನಿಂದ ಕೂಲೆಂಟ್ ಚಿಮ್ಮುತ್ತದೋ ಆ ಸಿಲಿಂಡರೇ ಕೆಟ್ಟದ್ದು. ಪೆಟ್ರೋಲ್ ಇಂಜಿನ್ನಿನಲ್ಲಿ ಆ ಸಿಲಿಂಡರಿನ ಪ್ಲಗ್ ಉಳಿದವುಗಳಿಗಿಂತ ತೊಳೆದಿಟ್ಟಂತೆ ಬೆಳ್ಳಗಿರುತ್ತದೆ.

ಸ್ಟಾಪ್ ಲೀಕ್ ಮತ್ತು ಓಡಿಸುವ ಪ್ರಶ್ನೆ

ಸೋರಿಕೆ ಮುಚ್ಚುವ ಪುಡಿ, ದ್ರವಗಳನ್ನು ಪತ್ತೆ ಮಾಡುವ ಮೊದಲು ಹಾಕಲೇಬೇಡಿ. ಸಣ್ಣ ತೂತು ಮುಚ್ಚುವ ವಸ್ತು ರೇಡಿಯೇಟರ್, ಹೀಟರ್ ಕೋರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಹಳೇ ಗಾಡಿಯಲ್ಲಿ ಅವು ಮೊದಲೇ ಅರ್ಧ ಕಟ್ಟಿರುತ್ತವೆ. ನಡುದಾರಿಯಲ್ಲಿ ಸಿಕ್ಕಿಬಿದ್ದು ಮನೆ ಸೇರಬೇಕಾದಾಗ ಮಾತ್ರ ಅದಕ್ಕೆ ಅರ್ಥವಿದೆ.

ಕ್ಲಿಪ್ಪಿನ ಪಸೆ, ಡ್ರೈನ್ ಕಾಕಿನ ಹನಿ ಇವುಗಳಿಗೆ ದಿನವೂ ಮಟ್ಟ ನೋಡಿಕೊಂಡು ಕೆಲ ದಿನ ತಳ್ಳಬಹುದು. ಉಬ್ಬಿದ ಹೋಸ್, ಆಟ ಬಿದ್ದ ವಾಟರ್ ಪಂಪ್, ಬಿರುಕು ಬಿಟ್ಟ ಪ್ಲಾಸ್ಟಿಕ್ ಟ್ಯಾಂಕ್ ಯಾವ ಕ್ಷಣದಲ್ಲೂ ಪೂರ್ತಿ ಹೋಗಬಲ್ಲವು. ಕೂಲೆಂಟ್ ಪೂರ್ತಿ ಖಾಲಿಯಾದರೆ ಟೆಂಪರೇಚರ್ ಸೆನ್ಸರ್ ಹಬೆಯಲ್ಲಿ ನಿಂತು ಮೀಟರ್ ಸುಳ್ಳು ಹೇಳುತ್ತದೆ, ಮುಳ್ಳು ಕೆಳಗಿದೆ ಎಂದು ಓಡಿಸಿದವರ ಹೆಡ್ ಬಾಗಿರುತ್ತದೆ. ಬಿಸಿ ಏರಿ ನಿಂತ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ. ತಣಿಯಲು ಬಿಟ್ಟೇ ತುಂಬಿಸಿ.

ರಿಪೇರಿ ಆದ ಮೇಲೆ ತುಂಬಿಸುವಾಗ ಮೊದಲಿದ್ದ ಜಾತಿಯ ಕೂಲೆಂಟನ್ನೇ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಯಾವುದಿತ್ತೆಂದು ಗೊತ್ತಿಲ್ಲದಿದ್ದರೆ ಪೂರ್ತಿ ತೊಳೆದು ಹೊಸದು ಹಾಕಿ, ಬೇರೆ ಬೇರೆ ಜಾತಿ ಸೇರಿದರೆ ಕೆಲವು ಲೋಳೆಗಟ್ಟುತ್ತವೆ, ತುಕ್ಕು ತಡೆಯುವ ಶಕ್ತಿಯೂ ಕುಗ್ಗುತ್ತದೆ. ಟ್ರಕ್ಕಿನ ಮೂತಿ ಸ್ವಲ್ಪ ಎತ್ತರಕ್ಕಿರಲಿ, ಹೀಟರ್ ಬಿಸಿಗೆ ತಿರುಗಿಸಿ, ಕ್ಯಾಪ್ ತೆರೆದು ಇಂಜಿನ್ ನಿಧಾನಕ್ಕೆ ಓಡಲಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಗಾಳಿ ಗುಳುಗುಳು ಬರುತ್ತಲೇ ಇರುತ್ತದೆ, ಮಟ್ಟ ಇಳಿದಂತೆ ತುಂಬಿಸುತ್ತಿರಿ. ಇಂಜಿನ್ನಿನ ಮೇಲೆ ಏರ್ ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಯಿರಿ. ಮೊದಲ ಒಂದೆರಡು ಓಡಾಟದ ನಂತರ ಸಿಕ್ಕಿಕೊಂಡಿದ್ದ ಗಾಳಿ ಹೊರಬಂದು ಮಟ್ಟ ತುಸು ಇಳಿಯುವುದು ಸೋರಿಕೆಯಲ್ಲ. ಬಾಟಲಿಯ ಮೇಲೆ ತಣ್ಣಗಿನ ಮಟ್ಟಕ್ಕೆ ಟೇಪ್ ಅಂಟಿಸಿ, ಒಂದು ವಾರ ಪ್ರತಿದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಲ್ಲಿಗೇ ಇದೆಯೇ ಎಂದು ನೋಡಿ. ಎರಡನೇ ದಿನದ ನಂತರವೂ ಟೇಪಿನಿಂದ ಕೆಳಕ್ಕೆ ಹೋಗುತ್ತಲೇ ಇದ್ದರೆ ಟೆಸ್ಟರನ್ನು ಮತ್ತೆ ಕುತ್ತಿಗೆಗೆ ಹಾಕಿ.